ಯಮುನಕ್ಕ ಮಣ್ಣಿಗೆ ಬಣ್ಣ ಕಲಸಿದ್ದು

ಕಳೆದ ಮಂಗಳವಾರ ಮಲಾಡಿನಿಂದ ಗ್ರಾಂಟ್ ರೋಡಿಗೆ ಹೋಗುವ ಸ್ಲೋ ಲೋಕಲ್ ರೈಲಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಈ ಊರಿನಲ್ಲಿ ನಲವತ್ತು ವರ್ಷ ಲೋಕಲ್ ಹತ್ತಿ ಇಳಿದವರಿಗೆ ಇದೆಂಥ ಭಾಗ್ಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ದಿನ ನಾನು ಹೊರಗೆ ನೋಡಲೇ ಇಲ್ಲ. ಎದುರು ಕುಳಿತ ಹುಡುಗಿಯ ಬೆರಳುಗಳನ್ನೇ ನೋಡುತ್ತಿದ್ದೆ. ಅವಳ ಉಗುರುಗಳ ಸಂದಿಯಲ್ಲಿ ಒಂದು ನೀಲಿ ಉಳಿದುಕೊಂಡಿತ್ತು. ನೇಲ್ ಪಾಲಿಶ್ ಅಲ್ಲ, ಶಾಯಿಯೂ ಅಲ್ಲ.

ಆ ನೀಲಿ ನನಗೆ ಚೆನ್ನಾಗಿ ಗೊತ್ತು. ಬಿಳಿ ಮಣ್ಣಿಗೆ ಕೋಬಾಲ್ಟ್ ಪುಡಿ ಹಾಕಿ ನಾದಿದವರ ಕೈಗೆ ಅಂಟುವ ನೀಲಿ ಅದು. ಸೋಪಿಗೂ ಹೋಗುವುದಿಲ್ಲ, ನಿಂಬೆಹಣ್ಣಿಗೂ ಹೋಗುವುದಿಲ್ಲ. ಹೋಯಿತೆಂದು ನಂಬಿ ಯಾರದೋ ಮನೆಯ ಪೂಜೆಗೆ ಹೋಗಿ ಪ್ರಸಾದಕ್ಕೆ ಕೈಯೊಡ್ಡಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಒಂದು ಕಾಲದಲ್ಲಿ ನನ್ನ ಉಗುರುಗಳೂ ಹಾಗೇ ಇದ್ದವು. ನನ್ನವು ನೀಲಿಯಾದದ್ದರಿಂದ ಲೋಕಕ್ಕೇನೂ ಲಾಭವಾಗಲಿಲ್ಲ, ಬಿಡಿ. ಆದರೆ ನನ್ನ ಪಕ್ಕದಲ್ಲಿ ಕುಳಿತ ಇನ್ನೊಬ್ಬರ ಉಗುರುಗಳೂ ನೀಲಿಯಾದವು. ಆ ಕತೆಯನ್ನು ನಿಮಗೆ ಹೇಳಬೇಕು.

ಫೋರ್ಟಿನ ಒಂದು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಾನು ನಿವೃತ್ತಳಾದಾಗ ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಬೆಳಿಗ್ಗೆ ವಾಕಿಂಗ್, ಸಂಜೆ ಭಜನಾ ಮಂಡಳಿ, ನಡುವೆ ಯೋಗ. ಅವರೆಲ್ಲ ಸೇರಿ ನನ್ನನ್ನು ಮುದುಕಿ ಮಾಡಲು ಹೊರಟಿದ್ದಾರೆ ಅನ್ನಿಸಿ ಸಿಟ್ಟು ಬಂತು. ಅದೇ ದಿನಗಳಲ್ಲಿ ದಂತವೈದ್ಯರ ಬಳಿ ಕಾಯುತ್ತಿದ್ದಾಗ ಯಾವುದೋ ಮ್ಯಾಗಝೀನಿನಲ್ಲಿ ಒಂದು ಚಿತ್ರ ನೋಡಿದೆ. ನೆರೆತ ಕೂದಲಿನ ಹೆಂಗಸೊಬ್ಬಳು ತಿರುಗುವ ಚಕ್ರದ ಮೇಲೆ ಮಣ್ಣಿಟ್ಟು, ಕಣ್ಣು ಅರೆಮುಚ್ಚಿ, ಅದೇನು ಶಾಂತಿಯಿಂದ ಕುಳಿತಿದ್ದಳು! ಹಲ್ಲುನೋವಿನಲ್ಲಿ ಆ ಶಾಂತಿ ನನಗೆ ಬಹಳ ದೊಡ್ಡದಾಗಿ ಕಂಡಿತು. ಮರುವಾರವೇ ಮಲಾಡಿನ ಒಂದು ಕುಂಬಾರಿಕೆ ಸ್ಟುಡಿಯೋದಲ್ಲಿ ಹೆಸರು ಬರೆಸಿದೆ.

ಬರೆಸಿದ ಮೇಲೆ ಹೆದರಿಕೆಯಾಯಿತು. ಅಲ್ಲಿ ಬರುವವರೆಲ್ಲ ನನ್ನ ಮಗಳ ವಯಸ್ಸಿನವರು. ಒಬ್ಬಳೇ ಹೋಗಲು ನಾಚಿಕೆ. ಆಗ ನೆನಪಾದವರು ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಯಮುನಕ್ಕ. ಸುಮ್ಮನೆ ಕಂಪನಿಗೆ ಬನ್ನಿ, ಒಂದು ಗಂಟೆ ಕುಳಿತು ಚಹಾ ಕುಡಿದು ವಾಪಸು ಬರೋಣ ಎಂದೆ. ಬಂದರು.

ಯಮುನಕ್ಕ ಉಡುಪಿ ಕಡೆಯವರು. ಆಗ ಅವರಿಗೆ ಅರವತ್ತೆರಡು. ಅವರ ಗಂಡ ವಾಸಣ್ಣ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ಆ ಹೋಟೆಲಿನಲ್ಲಿ ಮಳೆಗಾಲದ ಪ್ರತಿ ಸೋಮವಾರ ಪತ್ರೊಡೆ ಸಿಗುತ್ತಿತ್ತು. ಅದನ್ನು ತಿನ್ನಲೆಂದೇ ಫೋರ್ಟಿನಿಂದ ಜನ ಹೋಗುತ್ತಿದ್ದರು, ನಾನೂ ಹೋದವಳೇ. ಅದನ್ನು ಮಾಡುತ್ತಿದ್ದುದು ಹೋಟೆಲಿನ ಭಟ್ಟರಲ್ಲ, ಮಲಾಡಿನ ತಮ್ಮ ಎರಡು ಕೋಣೆಯ ಮನೆಯಲ್ಲಿ ಯಮುನಕ್ಕ. ಕೆಸುವಿನ ಎಲೆಯ ಮೇಲೆ ಹಿಟ್ಟು ಸವರಿ, ಅದರ ಮೇಲೆ ಇನ್ನೊಂದು ಎಲೆಯಿಟ್ಟು, ಮತ್ತೆ ಹಿಟ್ಟು ಸವರಿ, ಸುರುಳಿ ಸುತ್ತಿ, ಬೇಯಿಸಿ, ಬೆಳಗಿನ ಲೋಕಲಿನಲ್ಲಿ ಗಂಡನ ಕೈಯಲ್ಲಿ ಕಳಿಸುತ್ತಿದ್ದರು. ಹೀಗೆ ಇಪ್ಪತ್ತೆಂಟು ಮಳೆಗಾಲ. ಅವರು ನಮ್ಮ ಬಿಲ್ಡಿಂಗಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ನನಗಿದು ತಿಳಿದದ್ದು, ಅದೂ ಮಾತಿನ ನಡುವೆ ಬಾಯಿತಪ್ಪಿ ಬಂದದ್ದರಿಂದ.

ಸ್ಟುಡಿಯೋ ಎಂದರೆ ನೀವು ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶಟರ್ ಬಾಗಿಲಿನ ಒಂದು ಉದ್ದನೆಯ ಕೋಣೆ. ಒಂದು ಪಕ್ಕದಲ್ಲಿ ಪ್ಯಾಕಿಂಗ್ ಡಬ್ಬಿ ಮಾಡುವವರು, ಇನ್ನೊಂದು ಪಕ್ಕದಲ್ಲಿ ಸ್ಕ್ರೂ ಮಾಡುವವರು. ಅದನ್ನು ನಡೆಸುತ್ತಿದ್ದವಳು ಕೇತಕಿ ಎಂಬ ಮರಾಠಿ ಹುಡುಗಿ. ಮೂವತ್ತೈದರ ಆಸುಪಾಸು, ಮೃದು ಮಾತು, ಮೊಣಕೈವರೆಗೂ ಮಣ್ಣು. ಕೋಣೆಯ ಹಿಂಭಾಗದಲ್ಲಿ ಒಲೆ, ಅಂದರೆ ಮಣ್ಣಿನ ವಸ್ತುಗಳನ್ನು ಸುಡುವ ದೊಡ್ಡ ಭಟ್ಟಿ. ಅದನ್ನು ನೋಡಿಕೊಳ್ಳುತ್ತಿದ್ದವರು ದಸ್ತಗೀರ್ ಎಂಬ ಐವತ್ತರ ಮನುಷ್ಯ, ವಿಜಯಪುರದ ಕಡೆಯವರು. ನಾವಿಬ್ಬರು ಕನ್ನಡದಲ್ಲಿ ಪಿಸುಗುಟ್ಟುವುದನ್ನು ಕೇಳಿ ಭಟ್ಟಿಯ ಹಿಂದಿನಿಂದಲೇ ಯಾವೂರಾಯ್ತು ಎಂದು ವಿಚಾರಿಸಿದರು. ಅವರ ಕನ್ನಡ ಯಮುನಕ್ಕನಿಗೆ ಅರ್ಧ ತಿಳಿಯುತ್ತಿತ್ತು, ಯಮುನಕ್ಕನದು ಅವರಿಗೆ ಮುಕ್ಕಾಲು. ಉಳಿದದ್ದನ್ನು ಹಿಂದಿಯಲ್ಲಿ ತುಂಬಿಸಿಕೊಳ್ಳುತ್ತಿದ್ದರು.

ಮೊದಲ ಮೂರು ವಾರ ನಾನು ಚಕ್ರದ ಮೇಲೆ ಬಟ್ಟಲು ಮಾಡಿದೆ. ಬಟ್ಟಲು ಎಂದು ನಾನು ಕರೆದೆ. ವಿರಾರ್ ಲೋಕಲಿನ ಬಾಗಿಲಲ್ಲಿ ನಿಂತವರಂತೆ ಅವೆಲ್ಲ ಒಂದೇ ಕಡೆಗೆ ವಾಲಿಕೊಂಡಿದ್ದವು. ಮ್ಯಾಗಝೀನಿನ ಹೆಂಗಸಿನ ಹಾಗೆ ಕಣ್ಣು ಅರೆಮುಚ್ಚಿದರೆ ಮಣ್ಣು ಹಾರಿ ಕನ್ನಡಕಕ್ಕೆ ಬಡಿಯುತ್ತಿತ್ತು. ಯಮುನಕ್ಕ ಮೂಲೆಯ ಸ್ಟೂಲಿನ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟೇಷನ್ನಿನಲ್ಲಿ ಕಾಯುವವರಂತೆ ಕುಳಿತಿರುತ್ತಿದ್ದರು.

ನಾಲ್ಕನೇ ವಾರ ಕೇತಕಿ ಬಣ್ಣದ ಮಣ್ಣಿನ ಕೆಲಸ ತೋರಿಸಿದಳು. ಸಾಮಾನ್ಯವಾಗಿ ಪಿಂಗಾಣಿಗೆ ಬಣ್ಣವನ್ನು ಮೇಲೆ ಬಳಿಯುತ್ತಾರಲ್ಲ, ಇದು ಹಾಗಲ್ಲ. ಬಿಳಿ ಮಣ್ಣಿಗೇ ಬಣ್ಣದ ಪುಡಿ ಸೇರಿಸಿ ನಾದುವುದು. ನೀಲಿ ಮಣ್ಣು, ಕಂದು ಮಣ್ಣು, ಹಸಿರು ಮಣ್ಣು ಬೇರೆಬೇರೆ ಮಾಡಿ ಚಪಾತಿಯಂತೆ ಲಟ್ಟಿಸಿ ಒಂದರ ಮೇಲೊಂದು ಇಡುವುದು. ಆಮೇಲೆ ಸುತ್ತಿ ಅಥವಾ ಒತ್ತಿ ಒಂದು ಗಟ್ಟಿ ಮಾಡಿ, ತಂತಿಯಿಂದ ಬಿಲ್ಲೆಬಿಲ್ಲೆಯಾಗಿ ಕೊಯ್ಯುವುದು. ಕೊಯ್ದ ಮುಖದಲ್ಲಿ ವಿನ್ಯಾಸ ಕಾಣುತ್ತದೆ. ಆ ಬಿಲ್ಲೆಗಳನ್ನು ಜೋಡಿಸಿ ತಟ್ಟೆಯನ್ನೋ ಬಟ್ಟಲನ್ನೋ ಮಾಡುತ್ತಾರೆ. ಬಣ್ಣ ಮಣ್ಣಿನೊಳಗೇ ಇರುವುದರಿಂದ ಮುಂದೆ ಕಾಣುವ ಗೆರೆಯೇ ಹಿಂದೆಯೂ ಕಾಣುತ್ತದೆ.

ಕೇತಕಿ ನೀಲಿ ಮತ್ತು ಬಿಳಿ ಹಾಳೆಗಳನ್ನು ಸುತ್ತಿ ತಂತಿ ಎಳೆದು ಮೊದಲ ಬಿಲ್ಲೆಯನ್ನು ಎತ್ತಿ ಹಿಡಿದಾಗ ಮೂಲೆಯಿಂದ ಯಮುನಕ್ಕನ ಧ್ವನಿ ಬಂತು.

"ಇದೆಂತ ಮಾರಾಯ್ತಿ, ಪತ್ರೊಡೆ ಅಲ್ವಾ ಇದು?"

ನಾನು ಹಿಂದಿಯಲ್ಲಿ ಅದನ್ನು ವಿವರಿಸಿದೆ. ಕೇತಕಿ ನಗುತ್ತ ಎರಡು ಉಂಡೆ ಮಣ್ಣನ್ನು ಯಮುನಕ್ಕನ ಮುಂದಿಟ್ಟಳು. ಯಮುನಕ್ಕ ಕೈಚೀಲವನ್ನು ನನಗೆ ಕೊಟ್ಟರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಲಟ್ಟಿಸಿದ್ದು, ಹಾಳೆಗಳನ್ನು ಅಂಟಿಸಿದ್ದು, ಸುತ್ತಿದ್ದು ಎಲ್ಲ ಐದು ನಿಮಿಷದ ಕೆಲಸ. ಸುತ್ತುವಾಗ ಎರಡೂ ಹೆಬ್ಬೆರಳುಗಳಿಂದ ಒಳಗೆ ಒತ್ತುತ್ತ, ಗಾಳಿಯನ್ನು ಹೊರಗೆ ತಳ್ಳುತ್ತ ಹೋದರು. ಕೊಯ್ದಾಗ ಆ ಬಿಲ್ಲೆಯ ಮೇಲೆ ಸಮುದ್ರದ ಬಸವನಹುಳುವಿನ ಚಿಪ್ಪಿನಂಥ ಸುರುಳಿ ಮೂಡಿತ್ತು. ಎಲ್ಲೂ ಬಿರುಕಿಲ್ಲ, ಎಲ್ಲೂ ಟೊಳ್ಳಿಲ್ಲ. ಕೇತಕಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತನಗೆ ಇಷ್ಟು ಬಿಗಿಯಾಗಿ ಸುತ್ತಲು ಎರಡು ವರ್ಷ ಬೇಕಾಯಿತು ಎಂದಳು. ನಾನು ಕೈಚೀಲ ಹಿಡಿದುಕೊಂಡು ನಿಂತಿದ್ದೆ. ಮುಂದಿನ ಹಲವು ತಿಂಗಳು ನನ್ನ ಕೆಲಸ ಹೆಚ್ಚುಕಡಿಮೆ ಅದೇ ಆಯಿತು.

ಆಮೇಲೆ ಯಮುನಕ್ಕ ಹೆಸರು ಬರೆಸಿದರು. ಮೊದಲು ಚಿಪ್ಪಿನ ಸುರುಳಿಯ ಸಣ್ಣ ತಟ್ಟೆಗಳನ್ನು ಮಾಡಿದರು, ನಂತರ ಎಲೆಯ ನರಗಳಿರುವ ಬಟ್ಟಲುಗಳನ್ನು. ಭಾನುವಾರ ವಾಸಣ್ಣನನ್ನು ಎಬ್ಬಿಸಿಕೊಂಡು ಮಾರ್ವೆ ಬೀಚಿಗೆ ಹೋಗಿ ಪಟ್ಟೆಪಟ್ಟೆ ಕಲ್ಲುಗಳನ್ನು ಸೆರಗಿನಲ್ಲಿ ಕಟ್ಟಿ ತರುತ್ತಿದ್ದರು. ಎರಡು ತಿಂಗಳಲ್ಲಿ ಕೇತಕಿಯ ಶೆಲ್ಫಿನಲ್ಲಿ ಯಮುನಕ್ಕನ ಒಂದು ಸಾಲೇ ಆಯಿತು. ಒಂದು ಸಂಜೆ ರಿಕ್ಷಾದಲ್ಲಿ ಬರುವಾಗ ಅವರು ನನಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಇಷ್ಟು ವರ್ಷ ಎಷ್ಟು ಮಾಡಿದೆ ಈ ಕೈಯಲ್ಲಿ. ಮಾಡಿದ್ದೆಲ್ಲ ಹತ್ತು ನಿಮಿಷದಲ್ಲಿ ತಿಂದು ಖಾಲಿ. ಬೇಸರ ಅಲ್ಲ ಮಾರಾಯ್ತಿ, ತಿನ್ಲಿಕ್ಕೇ ಮಾಡಿದ್ದು. ಆದ್ರೆ ಒಂದಾದ್ರೂ ಉಳಿಯುವಂಥದ್ದು ಮಾಡ್ಬೇಕು ಅಂತ ಈಗ ಆಸೆ ಆಗ್ತದೆ."

ನಮ್ಮ ಬಿಲ್ಡಿಂಗಿನ ಹಿಂದೆ ಖಾಡಿ ಇದೆ, ಸಮುದ್ರದ ನೀರು ಒಳಗೆ ಬಂದು ಹೋಗುವ ಕೆಸರು ನೆಲ. ಅದರ ತುಂಬ ಉಪ್ಪುನೀರಿನಲ್ಲಿ ಬೇರು ಹರಡಿ ಬೆಳೆಯುವ ಕಾಂಡ್ಲಾ ಗಿಡಗಳು. ಇಳಿತದ ಹೊತ್ತಿಗೆ ಅಲ್ಲಿಂದ ಬರುವ ವಾಸನೆಗೆ ಹೆದರಿ ನಾವೆಲ್ಲ ಹಿಂದಿನ ಕಿಟಕಿಗಳನ್ನು ಖಾಯಂ ಮುಚ್ಚಿಯೇ ಇಟ್ಟವರು. ಸೊಸೈಟಿಯ ಮೀಟಿಂಗಿನಲ್ಲಿ ಅದರ ಬಗ್ಗೆ ದೂರು ಬರೆಯುವ ಕೆಲಸ ನನ್ನದೇ ಆಗಿತ್ತು, ಬ್ಯಾಂಕಿನ ಇಂಗ್ಲಿಷು ಬರುತ್ತದೆಂದು. ಯಮುನಕ್ಕ ಮಾತ್ರ ಆ ಕಿಟಕಿ ತೆರೆದರು. ನದಿ ಸಮುದ್ರ ಸೇರುವ ಕಡೆಯಲ್ಲಿ ಬೆಳೆದವರು ಅವರು. ಚಿಕ್ಕಂದಿನಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಇಂಥದೇ ಕೆಸರು ದಾಟಿ ಶಾಲೆಗೆ ಹೋಗಿದ್ದರಂತೆ. ಒಂದು ಮಧ್ಯಾಹ್ನ ನನ್ನನ್ನು ಕರೆದು ಕಿಟಕಿಯ ಮುಂದೆ ನಿಲ್ಲಿಸಿದರು. ನನಗೆ ಕಂಡದ್ದು ಕೆಸರು. ಅವರು ಬೆರಳು ತೋರಿಸುತ್ತ ಹೋದರು. ನೀರು ಈಗಷ್ಟೇ ಬಿಟ್ಟ ಕಡೆ ಬೆಳ್ಳಿಯಂಥ ಬೂದು, ಬಿಸಿಲು ತಾಗಿದ ಕಡೆ ತಿಳಿ ಕಂದು, ಬೇರಿನ ಬುಡದಲ್ಲಿ ಮಸಿ ಕಪ್ಪು, ಪಾಚಿಯ ಕಡೆ ಹಸಿರು, ಏಡಿ ತೋಡಿದ ಬಿಲದ ಬಾಯಿಯಲ್ಲಿ ಒಂದು ಬಗೆಯ ನೀಲಿ. ಒಂಬತ್ತು ಬಣ್ಣ ಎಣಿಸಿದರು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಅವನ್ನೆಲ್ಲ ಬರೆದಿಟ್ಟಿದ್ದರು.

ಅದೇ ಹೊತ್ತಿಗೆ ಕೇತಕಿ ತನ್ನ ವಿದ್ಯಾರ್ಥಿಗಳ ಪ್ರದರ್ಶನ ಮಾಡುವ ಸುದ್ದಿ ತಿಳಿಸಿದಳು. ಫೋರ್ಟಿನ ಒಂದು ಗ್ಯಾಲರಿಯಲ್ಲಿ, ಆಗಸ್ಟಿನ ಕೊನೆಗೆ. ಹಿರಿಯ ಕಲಾವಿದರೊಬ್ಬರು ಬಂದು ಆಯ್ಕೆ ಮಾಡುತ್ತಾರೆ. ಯಮುನಕ್ಕ ತಾನು ಒಂದೇ ವಸ್ತು ಕೊಡುವುದಾಗಿ ಹೇಳಿದರು. ಒಂದು ಮೊಳಕ್ಕಿಂತ ಅಗಲದ ತಟ್ಟೆ, ಅದರಲ್ಲಿ ಇಳಿತದ ಹೊತ್ತಿನ ಖಾಡಿ, ಒಂಬತ್ತೂ ಬಣ್ಣಗಳು. ಕೇತಕಿ ತಡೆದು ನೋಡಿದಳು. ಬಣ್ಣದ ಮಣ್ಣಿನಲ್ಲಿ ಅಷ್ಟು ದೊಡ್ಡದು ತನಗೂ ಕೈಹತ್ತಿಲ್ಲ, ಬಿಲ್ಲೆಗಳು ಸೇರುವ ಪ್ರತಿ ಗೆರೆಯಲ್ಲೂ ಬಿರುಕಿನ ಅಪಾಯವಿದೆ ಎಂದು ವಿವರಿಸಿದಳು. ಯಮುನಕ್ಕ ಎಲ್ಲಾ ಕೇಳಿಸಿಕೊಂಡು, ಮಣ್ಣು ತೂಗಲು ಎದ್ದರು.

ಮೊದಲನೆಯ ತಟ್ಟೆ ಒಣಗುವಾಗಲೇ ಒಡೆಯಿತು. ನಾಲ್ಕನೇ ದಿನ ಮುಚ್ಚಿದ್ದ ಪ್ಲಾಸ್ಟಿಕ್ ತೆಗೆದು ನೋಡಿದರೆ ಕಪ್ಪು ಬೇರಿನ ಉದ್ದಕ್ಕೂ ಕೂದಲೆಳೆಯಂಥ ಸೀಳು. ಸಂಜೆಗೆ ಅದು ಬೆರಳು ತೂರುವಷ್ಟಾಯಿತು.

ಎರಡನೆಯದಕ್ಕೆ ಮೂರು ವಾರ ಹಿಡಿಯಿತು. ಅದು ಚೆನ್ನಾಗಿ ಒಣಗಿತು, ನಾವೆಲ್ಲ ಗೆದ್ದೆವೆಂದುಕೊಂಡೆವು. ಭಟ್ಟಿಯ ಮೊದಲ ಬೆಂಕಿಯಲ್ಲಿ ಅದು ಮೂರು ಹೋಳಾಯಿತು. ದಸ್ತಗೀರ್ ಆ ಹೋಳುಗಳನ್ನು ಗೋಣಿಯ ಮೇಲಿಟ್ಟುಕೊಂಡು ತಾವೇ ಹೊರಗೆ ತಂದರು. ಅವರು ಯಮುನಕ್ಕನ ಮುಂದೆ ಕೂತು, ಒಡೆದ ಅಂಚನ್ನು ತೋರಿಸಿದರು.

"ಅಕ್ಕಾರ, ಇದರಾಗ ಬೆಂಕಿದು ತಪ್ಪಿಲ್ರಿ. ಮಣ್ಣು ಮಣ್ಣಿನಾಗ ಜಗಳ ಅದ."

ಕೇತಕಿ ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟಳು. ಆರು ಸಣ್ಣ ಬಟ್ಟಲುಗಳನ್ನು ಕೊಡಿ, ಅವೂ ಬಹಳ ಚೆನ್ನಾಗಿವೆ. ಆದರೆ ಹಿಂದಿನ ಮೇಜಿನಲ್ಲಿದ್ದ ಒಬ್ಬಾಕೆ ತನ್ನ ಗೆಳತಿಗೆ ಇಂಗ್ಲಿಷಿನಲ್ಲಿ, ಹೋಟೆಲಿನವರ ಮನೆ ಆಂಟಿಗೆ ಬಟ್ಟಲು ಸಾಕಲ್ಲವೇ, ಎಂದಳು. ಯಮುನಕ್ಕನಿಗೆ ಇಂಗ್ಲಿಷು ತಿಳಿಯದೆಂದು ಅವಳ ಲೆಕ್ಕ. ನನಗೆ ಮೈಯೆಲ್ಲ ಉರಿಯಿತು. ಏನಾದರೂ ಅನ್ನಬೇಕೆಂದು ತಿರುಗುವಷ್ಟರಲ್ಲಿ ಯಮುನಕ್ಕ ನನ್ನ ಮಣಿಕಟ್ಟು ಹಿಡಿದರು. ಮೂರು ಹೋಳುಗಳನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು.

ಆಮೇಲೆ ಮೂರು ವಾರ ಅವರು ಸ್ಟುಡಿಯೋಕ್ಕೆ ಬರಲಿಲ್ಲ. ಮೊದಲ ವಾರ ಮೊಣಕಾಲು ನೋವೆಂದರು, ಎರಡನೇ ವಾರ ಫೋನೆತ್ತಲಿಲ್ಲ. ನನಗೆ ತಪ್ಪಿತಸ್ಥಳ ಭಾವ. ನಾನು ಕರೆದುಕೊಂಡು ಹೋಗದಿದ್ದರೆ ಈ ಅವಮಾನ ಆಗುತ್ತಿರಲಿಲ್ಲವಲ್ಲ. ಮೂರನೇ ವಾರ ಸಮಾಧಾನದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಕೆಳಗಿಳಿದು ಹೋದೆ. ಬ್ಯಾಂಕಿನಲ್ಲಿ ಸಾಲದ ಅರ್ಜಿ ತಿರಸ್ಕರಿಸುವಾಗ ಮೆತ್ತಗೆ ಹೇಳಿ ಅಭ್ಯಾಸವಿತ್ತು; ಅದೇ ಧಾಟಿಯಲ್ಲಿ ಶುರುಮಾಡಬೇಕೆಂದಿದ್ದೆ.

ಬಾಗಿಲು ತೆರೆದವರು ವಾಸಣ್ಣ. ಅವರ ಮೂಗಿಗೆ ಕರವಸ್ತ್ರ ಕಟ್ಟಿತ್ತು, ಕೈಯಲ್ಲಿ ಜರಡಿ. ಒಳಗೆ ಬಾಲ್ಕನಿಯಲ್ಲಿ ಹಪ್ಪಳ ಹರವಿದಂತೆ ಮಣ್ಣಿನ ಪಟ್ಟಿಗಳು ಸಾಲಾಗಿ ಮಲಗಿದ್ದವು. ಬೂದು, ಕಪ್ಪು, ನೀಲಿ, ಹಸಿರು, ಕಂದು. ಒಂದೊಂದು ಬಣ್ಣಕ್ಕೆ ಐದಾರು ಪಟ್ಟಿ. ಪ್ರತಿಯೊಂದರ ಮೇಲೂ ಒಂದು ಗೆರೆ, ಒಂದು ನಂಬರು. ನಡುವೆ ಯಮುನಕ್ಕ ಕನ್ನಡಕ ಏರಿಸಿಕೊಂಡು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು.

"ಸಮಾಧಾನ ಮಾಡ್ಲಿಕ್ಕೆ ಬಂದದ್ದಾ? ಬೇಡ. ಆ ಸ್ಕೇಲ್ ಕೊಡು ಇಲ್ಲಿ."

ಕೊಟ್ಟೆ. ಅವರು ಒಂದು ಕಪ್ಪು ಪಟ್ಟಿ, ಒಂದು ಬಿಳಿ ಪಟ್ಟಿ ಪಕ್ಕಪಕ್ಕ ಇಟ್ಟು ಅಳೆದು ತೋರಿಸಿದರು.

"ನೋಡು, ಒದ್ದೆ ಇರುವಾಗ ಎರಡರ ಗೆರೆಯೂ ಹತ್ತು ಸೆಂಟಿಮೀಟರ್. ಸುಟ್ಟ ಮೇಲೆ ಕಪ್ಪು ಎಷ್ಟು ಕುಗ್ಗಿದೆ ನೋಡು. ಹೀಗಿರುವವರನ್ನು ಒಟ್ಟಿಗೆ ಕೂರಿಸಿದ್ರೆ ಒಬ್ಬ ಇನ್ನೊಬ್ಬನನ್ನು ಎಳೀತಾನೆ. ಒಡೀದೆ ಎಂತ ಮಾಡ್ತದೆ? ಬಣ್ಣ ಬೇರೆ ಇರ್ಲಿ, ಹದ ಒಂದೇ ಇರ್ಬೇಕು."

ದಸ್ತಗೀರ್ ಹೇಳಿದ ಜಗಳವನ್ನು ಅವರು ಮನೆಯಲ್ಲಿ ಕೂತು ಹುಡುಕಿ ಹಿಡಿದಿದ್ದರು. ಎಸ್ಸೆಸೆಲ್ಸಿಯವರೆಗೆ ಓದಿದ ಹೆಂಗಸು. ಯಾರೂ ಹೇಳಿಕೊಟ್ಟಿರಲಿಲ್ಲ. ಪಟ್ಟಿಗಳನ್ನು ಸುಟ್ಟುಕೊಡುತ್ತಿದ್ದವರು ದಸ್ತಗೀರ್. ಬೇರೆಯವರ ವಸ್ತುಗಳ ನಡುವೆ ಉಳಿದ ಸಂದಿಯಲ್ಲಿ ಇಟ್ಟು, ಕೇತಕಿಗೆ ಮಾತ್ರ ತಿಳಿಸಿ, ಮನೆಗೆ ಹೋಗುವಾಗ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಕೈಗೆ ಕೊಟ್ಟು ಹೋಗುತ್ತಿದ್ದರಂತೆ. ಇದಾವುದೂ ನನಗೆ ಗೊತ್ತಿರಲಿಲ್ಲ. ನಾನು ಮೇಲಿನ ಮಹಡಿಯಲ್ಲಿ ಕೂತು ಅವರಿಗಾಗಿ ಮರುಗುತ್ತಿದ್ದೆ.

ಪರಿಹಾರವನ್ನೂ ಕಂಡುಕೊಂಡಿದ್ದರು. ಅಂಗಡಿಯಿಂದ ಬಣ್ಣ ಕಲಸಿಯೇ ಬರುತ್ತಿದ್ದ ಹಸಿರು ಮಣ್ಣಿನ ಮೂಲವೇ ಬೇರೆ, ಅದನ್ನು ಪೂರ್ತಿ ಬಿಟ್ಟರು. ಒಂಬತ್ತು ಬಣ್ಣಗಳನ್ನೂ ಒಂದೇ ಬಿಳಿ ಮಣ್ಣಿನಿಂದ ತಾವೇ ಕಲಸುವುದೆಂದು ತೀರ್ಮಾನಿಸಿದರು. ಕಪ್ಪಿನ ಕುಗ್ಗುವಿಕೆ ತಗ್ಗಿಸಲು ಅದಕ್ಕೆ ಒಮ್ಮೆ ಸುಟ್ಟ ಮಣ್ಣಿನ ಪುಡಿ ಸೇರಿಸಬೇಕು. ಸುಟ್ಟದ್ದು ಮತ್ತೆ ಅಷ್ಟು ಕುಗ್ಗುವುದಿಲ್ಲವಲ್ಲ. ಆ ಪುಡಿಗಾಗಿ ತಮ್ಮ ಒಡೆದ ತಟ್ಟೆಯ ಹೋಳುಗಳನ್ನೇ ಕಬ್ಬಿಣದ ಒರಳಿನಲ್ಲಿ ಕುಟ್ಟಿದ್ದರು. ವಾಸಣ್ಣ ಜರಡಿ ಹಿಡಿಯುತ್ತಿದ್ದುದು ಅದನ್ನೇ. ನಾನೂ ಒಂದು ಕರವಸ್ತ್ರ ಕಟ್ಟಿಕೊಂಡು ಕುಳಿತೆ. ಸಮಾಧಾನದ ಮಾತು ಹಾಗೇ ಉಳಿಯಿತು.

ಮೂರನೇ ತಟ್ಟೆ ಜುಲೈಯಲ್ಲಿ ಶುರುವಾಯಿತು. ಮಳೆಗಾಲದಲ್ಲಿ ದೊಡ್ಡ ವಸ್ತು ಯಾರೂ ಮಾಡುವುದಿಲ್ಲ, ಒಣಗುವುದೇ ಇಲ್ಲ ಎಂದು ಕೇತಕಿ ಎಚ್ಚರಿಸಿದಳು. ಯಮುನಕ್ಕನಿಗೆ ಬೇಕಾದದ್ದೂ ಅದೇ. ನಿಧಾನಕ್ಕೆ ಒಣಗಿದರೆ ಎಲ್ಲ ಬಣ್ಣಗಳೂ ಒಟ್ಟಿಗೆ ಒಣಗುತ್ತವೆ. ಹೊರಗೆ ಮಲಾಡಿನ ರಸ್ತೆಗಳಲ್ಲಿ ಮೊಣಕಾಲು ನೀರು, ಒಳಗೆ ತಟ್ಟೆಯ ಮೇಲೆ ಒದ್ದೆ ವಾಯಿಲ್ ಸೀರೆಯ ತುಂಡು, ಅದರ ಮೇಲೆ ಪ್ಲಾಸ್ಟಿಕ್. ದಿನಕ್ಕೊಮ್ಮೆ ತೆಗೆದು, ಅಂಗೈಯಿಂದ ಸವರಿ ನೋಡಿ, ಮತ್ತೆ ಮುಚ್ಚುತ್ತಿದ್ದರು. ರೈಲು ನಿಂತ ದಿನವೂ, ರಿಕ್ಷಾ ಸಿಗದ ದಿನವೂ, ಸೀರೆ ಎತ್ತಿಕಟ್ಟಿ ನಡೆದೇ ಹೋದರು. ಇಪ್ಪತ್ತೆರಡು ದಿನ ಹೀಗೆ ನಡೆಯಿತು.

ಮಣ್ಣು ಇನ್ನೂ ಅರೆಗಟ್ಟಿ ಇದ್ದಾಗ ಕೆಳಗಡೆ ಹೆಸರು ಕೆತ್ತಬೇಕೆಂದು ಕೇತಕಿ ನೆನಪಿಸಿದಳು. ಯಮುನಕ್ಕ ಸೂಜಿಯಿಂದ ದುಂಡಗೆ 'ಯಮುನಾ' ಎಂದು ಕನ್ನಡದಲ್ಲಿ ಬರೆದರು. ಗ್ಯಾಲರಿಗೆ ಬರುವವರಿಗೆ ಓದಲು ಬರುವುದಿಲ್ಲವಲ್ಲ, ಇಂಗ್ಲಿಷಿನಲ್ಲಿ ಬರೆದರೆ ಹೇಗೆ ಎಂದು ಕೇತಕಿ ಕೇಳಿದ್ದನ್ನು ನಾನು ದಾಟಿಸಿದೆ. ಬೇಕಾದವರು ಓದಿಸಿಕೊಳ್ಳಲಿ ಎಂದರು ಯಮುನಕ್ಕ.

ಮೊದಲ ಬೆಂಕಿಯಲ್ಲಿ ತಟ್ಟೆ ಉಳಿಯಿತು. ಆದರೆ ನಾವು ಸಂಭ್ರಮಿಸಲಿಲ್ಲ. ಗಾಜಿನಂಥ ಹೊಳಪು ಬಳಿದು ಸುಡುವ ಎರಡನೇ ಬೆಂಕಿ ಇದಕ್ಕಿಂತ ಎಷ್ಟೋ ಉಗ್ರ. ದಸ್ತಗೀರ್ ಆ ಸಲ ಭಟ್ಟಿಯಲ್ಲಿ ಬೇರೇನನ್ನೂ ಇಡಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಇಷ್ಟಿಷ್ಟೇ ಉರಿ ಏರಿಸಿದರು. ಆರಿಸಿದ ಮೇಲೆ ಎರಡು ದಿನ ಯಾರನ್ನೂ ಹತ್ತಿರ ಬಿಡಲಿಲ್ಲ. ಪ್ರದರ್ಶನಕ್ಕೆ ಆರೇ ದಿನ ಉಳಿದಿತ್ತು. ಇಣುಕಿ ನೋಡೋಣವೇ ಎಂದು ಕೇತಕಿಯೇ ಎರಡು ಸಲ ಕೇಳಿದಳು. ದಸ್ತಗೀರ್ ಬೇಡವೆಂದು ತಲೆಯಾಡಿಸಿದರು.

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಾವು ನಾಲ್ವರು ಭಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತೆವು. ವಾಸಣ್ಣ ಬರುವುದಿಲ್ಲ ಎಂದಿದ್ದವರು ಹಿಂದಿನಿಂದ ಬಂದು ಶಟರಿನ ಬಳಿ ನಿಂತಿದ್ದರು. ದಸ್ತಗೀರ್ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದು ಕಿವಿಯಿಟ್ಟರು. ಬಿರುಕು ಬಿಡುವ ವಸ್ತು ತಣ್ಣನೆ ಗಾಳಿ ತಾಗಿದೊಡನೆ ಟಿಣ್ ಟಿಣ್ ಎನ್ನುತ್ತದೆ. ಪಕ್ಕದ ಸ್ಕ್ರೂ ಕಾರ್ಖಾನೆಯ ಸದ್ದಿನಲ್ಲಿ ಏನು ಕೇಳುತ್ತದೋ ನನಗೆ ತಿಳಿಯಲಿಲ್ಲ. ಯಮುನಕ್ಕ ಎರಡೂ ಕೈಗಳನ್ನು ಮಡಿಲಲ್ಲಿ ಹೆಣೆದುಕೊಂಡಿದ್ದರು. ಬಹಳ ಹೊತ್ತಿನ ಮೇಲೆ ದಸ್ತಗೀರ್ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತರು.

"ಬರ್ರಿ ಅಕ್ಕಾರ. ನಿಮ್ಮ ಕೈಯಾರ ನೀವ ತಗೀರಿ."

ಯಮುನಕ್ಕ ದಪ್ಪ ಕೈಗವಸು ತೊಟ್ಟು ತಟ್ಟೆಯನ್ನು ಎತ್ತಿ ಮೇಜಿನ ಮೇಲಿಟ್ಟರು. ಬೆರಳ ಗೆಣ್ಣಿನಿಂದ ಅಂಚನ್ನು ತಟ್ಟಿದರು. ಪೂಜೆಯ ಗಂಟೆಯಂಥ ಉದ್ದನೆಯ ನಾದ ಬಂತು. ಒಡಕಿದ್ದರೆ ಆ ನಾದ ಬರುವುದಿಲ್ಲ.

ಅದನ್ನು ನಿಮಗೆ ಹೇಗೆ ತೋರಿಸಲಿ? ನೀರು ಇಳಿದು ಹೋದ ಗೆರೆಗಳು ಒಂದರೊಳಗೊಂದು ಬಳಸಿ ಬಂದು ಅಂಚಿನಲ್ಲಿ ತೆಳುವಾಗಿದ್ದವು. ನಡುವೆ ಕಾಂಡ್ಲಾದ ಬೇರುಗಳು ಕಪ್ಪಗೆ ಕವಲೊಡೆದಿದ್ದವು. ಅಲ್ಲಲ್ಲಿ ಏಡಿಯ ಬಿಲಗಳು, ಪ್ರತಿಯೊಂದರ ಬಾಯಿಯಲ್ಲೂ ಒಂದು ಚೂರು ನೀಲಿ. ಒಂದು ಮೂಲೆಯಲ್ಲಿ ಕೊಕ್ಕರೆ ನಡೆದು ಹೋದ ಹೆಜ್ಜೆಗಳು, ಕೊಕ್ಕರೆ ಇರಲಿಲ್ಲ. ನಾನು ವರ್ಷಗಟ್ಟಲೆ ದೂರು ಬರೆದ ಕೆಸರು ಅದು. ಕೇತಕಿ ಅಳುತ್ತಿದ್ದಳು. ದಸ್ತಗೀರ್ ಹೊರಗೆ ಹೋಗಿ ಎಲ್ಲರಿಗೂ ಚಹಾ ತಂದರು. ಪ್ಯಾಕಿಂಗ್ ಡಬ್ಬಿಯವರೂ ಸ್ಕ್ರೂ ಕಾರ್ಖಾನೆಯವರೂ ಒಬ್ಬೊಬ್ಬರಾಗಿ ಬಂದು ನೋಡಿಹೋದರು.

ಇಂಗ್ಲಿಷಿನಲ್ಲಿ ಮಾತಾಡಿದ್ದ ಆ ಹಿಂದಿನ ಮೇಜಿನಾಕೆ ಮಧ್ಯಾಹ್ನ ಬಂದವಳು ತಟ್ಟೆಯ ಸುತ್ತ ಎರಡು ಸುತ್ತು ಹಾಕಿದಳು. ಆಮೇಲೆ ತಗ್ಗಿದ ದನಿಯಲ್ಲಿ, ಕಪ್ಪು ಮಣ್ಣು ಒಡೆಯದಂತೆ ಹೇಗೆ ಮಾಡಿದಿರೆಂದು ಕೇಳಿದಳು. ನಾನಾಗಿದ್ದರೆ ಆ ಗುಟ್ಟನ್ನು ಬಿಡುತ್ತಿರಲಿಲ್ಲ. ಯಮುನಕ್ಕ ನೋಟ್‌ಬುಕ್ ತೆಗೆದು ಅಳತೆಗಳನ್ನೆಲ್ಲ ಓದಿ ಹೇಳಿದರು. ಅದು ಕನ್ನಡದಲ್ಲಿದ್ದುದರಿಂದ ಸಾಲುಸಾಲಾಗಿ ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದೆರಡು ಕಡೆ ಬೇಕೆಂದೇ ತಪ್ಪು ಹೇಳೋಣ ಅನ್ನಿಸಿತು. ಹೇಳಲಿಲ್ಲ.

ಗ್ಯಾಲರಿ ನನ್ನ ಹಳೆಯ ಬ್ಯಾಂಕಿನ ಹಿಂದಿನ ಗಲ್ಲಿಯಲ್ಲೇ ಇತ್ತು. ಮೂವತ್ತನಾಲ್ಕು ವರ್ಷ ಅದರ ಮುಂದೆ ನಡೆದಿದ್ದೆ, ಒಳಗೆ ಹೋಗಿರಲಿಲ್ಲ. ಆಯ್ಕೆಗೆ ಬಂದ ಹಿರಿಯ ಕಲಾವಿದರು ಎಲ್ಲರ ವಸ್ತುಗಳನ್ನೂ ನೋಡುತ್ತ ಬಂದವರು ಆ ತಟ್ಟೆಯ ಮುಂದೆ ಕನ್ನಡಕ ತೆಗೆದು ಬಾಗಿದರು. ತಿರುಗಿಸಿ ಹಿಂಭಾಗ ನೋಡಿದರು. ಇದನ್ನು ಗೋಡೆಯ ಬದಿಗೆ ಇಡಬೇಡಿ, ಹಾಲಿನ ನಡುವೆ ಒಂದೇ ಇಡಿ, ಜನ ಸುತ್ತು ಬರಲಿ ಎಂದರು. ಹಾಗೆಯೇ ಇಟ್ಟರು.

ವಾಸಣ್ಣ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಅದರ ಪಕ್ಕದಲ್ಲಿ ಗಲ್ಲಾದ ಮೇಲೆ ಕುಳಿತವರ ಗತ್ತಿನಲ್ಲಿ ನಿಂತಿದ್ದರು. ಬಂದವರಿಗೆಲ್ಲ ಹಿಂದಿ, ಮರಾಠಿ, ತುಳು, ಕನ್ನಡ, ಯಾವುದರಲ್ಲಿ ಬೇಕೋ ಅದರಲ್ಲಿ, ಇದು ನನ್ನ ಹೆಂಡತಿ ಮಾಡಿದ್ದು ಎನ್ನುತ್ತಿದ್ದರು. ಜನ ಕಡಿಮೆಯಾದಾಗ ನನ್ನ ಬಳಿ ಬಂದು ಮೆಲ್ಲನೆ ಹೇಳಿದರು.

"ಗಿರಾಕಿಗಳು ಪತ್ರೊಡೆ ಯಾರು ಮಾಡಿದ್ದು ಅಂತ ಕೇಳ್ತಿದ್ರು. ನಮ್ಮ ಹೋಟೆಲಿನದ್ದೇ ಅಂತ ಹೇಳ್ತಿದ್ದೆ ನಾನು. ಇವಳ ಹೆಸರು ಒಂದು ದಿನ ಹೇಳ್ಲಿಲ್ಲ. ಹೇಳ್ಬಹುದಿತ್ತಲ್ಲ."

ಹೇಳಿ ಮತ್ತೆ ತಟ್ಟೆಯ ಪಕ್ಕಕ್ಕೆ ಹೋಗಿ ನಿಂತರು.

ಒಂದು ಕಂಪನಿಯವರು ತಮ್ಮ ಆಫೀಸಿನ ಲಾಬಿಗೆ ತಟ್ಟೆಯನ್ನು ಕೇಳಿದರು. ಕೇತಕಿಯ ಕಣ್ಣು ಹೊಳೆಯಿತು. ಯಮುನಕ್ಕ ನಯವಾಗಿ, ಇದೊಂದನ್ನು ಕೊಡುವುದಿಲ್ಲ, ಬೇಕಾದರೆ ಇನ್ನೊಂದು ಮಾಡಿಕೊಡುತ್ತೇನೆ ಎಂದರು. ಮಾಡಿಕೊಟ್ಟರು ಕೂಡ. ಆಮೇಲೆ ಇನ್ನೊಂದು, ಮತ್ತೊಂದು. ಈಗ ಅವರಿಗೆ ಅರವತ್ತೊಂಬತ್ತು. ಗುರುವಾರ ಅವರದೇ ಕ್ಲಾಸು ನಡೆಯುತ್ತದೆ. ಹಿಂದಿಯಲ್ಲಿ ಶುರುವಾಗಿ ಕನ್ನಡದಲ್ಲಿ ಬೈದು ಮುಗಿಯುವ ಆ ಕ್ಲಾಸಿಗೆ ಸೇರಲು ಜನ ಎರಡು ತಿಂಗಳು ಕಾಯುತ್ತಾರೆ.

ಈಗ ಗ್ರಾಂಟ್ ರೋಡಿಗೆ ಬರೋಣ. ಸ್ಟೇಷನ್ನಿಗೆ ಹತ್ತಿರದ ಗಲ್ಲಿಯಲ್ಲಿ ಮಕ್ಕಳ ದವಾಖಾನೆಯೊಂದಿದೆ. ಅಲ್ಲಿಯ ಡಾಕ್ಟರು ಯಮುನಕ್ಕನಿಂದ ಕಾಯುವ ಕೋಣೆಯ ಗೋಡೆಗೆ ಬಣ್ಣದ ಮಣ್ಣಿನ ಬಿಲ್ಲೆಗಳ ದೊಡ್ಡ ಫಲಕ ಮಾಡಿಸಿದ್ದರು. ಹದಿನಾಲ್ಕು ತಿಂಗಳ ಕೆಲಸ. ಮಂಗಳವಾರ ಅದನ್ನು ಜನರಿಗೆ ತೆರೆಯುವ ದಿನ. ನೀವೇ ಇರಬೇಕು ಎಂದು ನಾನು ಒತ್ತಾಯಿಸಿದರೆ, "ನೀನು ಹೋಗಿ ನೋಡಿ ಬಾ. ನನಗೆ ಇವತ್ತು ಬೆಂಕಿ ಉಂಟು" ಎಂದು ಫೋನಿಟ್ಟರು.

ಗ್ಯಾಲರಿಯಲ್ಲಿ 'ಮುಟ್ಟಬೇಡಿ' ಎಂಬ ಬೋರ್ಡು ಅವರಿಗೆ ಸರಿಬಂದಿರಲಿಲ್ಲವಂತೆ. ಅದಕ್ಕೇ ಈ ಫಲಕವನ್ನು ನೆಲದಿಂದ ಮೊಣಕಾಲೆತ್ತರಕ್ಕೆ, ಮಕ್ಕಳ ಕೈಗೆ ಸಿಗುವಂತೆ ಕೂರಿಸಿದ್ದಾರೆ. ಗೋಡೆಯುದ್ದಕ್ಕೂ ಸಮುದ್ರ ದಡಕ್ಕೆ ಬರುತ್ತಿದೆ. ಜ್ವರದ ಮಕ್ಕಳು, ಟೋಕನ್ ಹಿಡಿದ ತಾಯಂದಿರು. ಕೈಗೆ ಪಟ್ಟಿ ಸುತ್ತಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ಅಳು ನಿಲ್ಲಿಸಿ, ಸರಿಯಿದ್ದ ಕೈಯ ಬೆರಳಿಂದ ಒಂದು ಶಂಖದ ಸುರುಳಿಯನ್ನು ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ತೀಡುತ್ತ ನಿಂತಳು. ಅವಳ ನಂಬರು ಕರೆದರು. ಅವಳು ಕದಲಲಿಲ್ಲ. ಎರಡನೇ ಸಲ ಕರೆದರು. ತಾಯಿ ನನ್ನ ಕಡೆ ತಿರುಗಿ, ಇದನ್ನು ಮಾಡಿದವರು ಯಾರು, ನಿಮಗೆ ಗೊತ್ತೇ, ಎಂದು ಹಿಂದಿಯಲ್ಲಿ ಕೇಳಿದಳು.

ಇಷ್ಟು ವರ್ಷ ಯಾರು ಹಾಗೆ ಕೇಳಿದರೂ ನನ್ನ ಉತ್ತರಕ್ಕೊಂದು ಬಾಲವಿರುತ್ತಿತ್ತು: 'ಅವರನ್ನು ಮೊದಲು ಕ್ಲಾಸಿಗೆ ಕರೆದುಕೊಂಡು ಹೋದವಳು ನಾನೇ.' ಮದುವೆ ಮನೆಗಳಲ್ಲಿ, ಸೊಸೈಟಿಯ ಮೀಟಿಂಗಿನಲ್ಲಿ, ಒಮ್ಮೆ ತರಕಾರಿಯವನಿಗೂ ಇದನ್ನು ಹೇಳಿದ್ದೇನೆ. ಮಂಗಳವಾರ ಆ ಬಾಲ ಬಾಯಿಗೆ ಬರಲೇ ಇಲ್ಲ.

"ಯಮುನಾ" ಎಂದೆ. "ಮಲಾಡಿನಲ್ಲಿದ್ದಾರೆ."